ಕೌದಿಯೊಳಗಿನ ನೋಟುಗಳು

ಶಹಾಬಾದಿನ ಔಷಧಿ ಅಂಗಡಿಯವನು ನಾನು ಕೊಟ್ಟ ನೋಟುಗಳನ್ನು ತಿರುಗಿಸಿ ನೋಡಿ ನನ್ನ ಕಡೆಗೇ ಸರಿಸಿದ.

"ಅಕ್ಕಾ, ಇವು ನಿಜಾಮರ ಕಾಲದ ನೋಟು, ಆಗ 'ಹಾಲಿ' ಅಂತಿದ್ರು. ಬಂದಾಗಿ ಭಾಳ ವರ್ಷ ಆತು."

ಮಕ್ಕಳೇ, ನಿಮ್ಮಜ್ಜ ಆಗ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದರು. ಬೆಳ್ಳಿ ರೂಪಾಯಿ ಸಪ್ಪಳ ಮಾಡಿ ಕಳ್ಳರಿಗೆ ಸುಳಿವು ಕೊಡುತ್ತವೆಂದು ನಮ್ಮತ್ತೆ ಅವನ್ನು ಹಿಂದೆಯೇ ನೋಟು ಮಾಡಿಸಿ ಕೌದಿಯೊಳಗೆ ಹೊಲಿದಿಟ್ಟಿದ್ದರು. ಹೊಲಿಗೆ ಬಿಚ್ಚಿದ ಆ ಕೌದಿ ನನ್ನ ಕಂಕುಳಲ್ಲಿತ್ತು.

"ಹಂಗಾದ್ರ ಮೊದಲು ಇವಕ್ಕ ಕಿಮ್ಮತ್ತು ಹ್ಯಾಂಗ ಇತ್ತರಿ?" ಎಂದೆ.

"ತೊಗೊಳ್ಳೋರು ಇದ್ರು, ಅದಕ್ಕ ಇತ್ತು. ಆ ಕೌದಿ ಇಟ್ಟು ಹೋಗ್ರಿ, ಔಷಧ ಕೊಡ್ತೀನಿ."

ಕೌದಿ ಕೊಟ್ಟು ಔಷಧ ತಂದೆ. ಜ್ವರದಲ್ಲಿ ನಡುಗುತ್ತಿದ್ದ ಅವರಿಗೆ ಹೊದಿಸಲು ಕೌದಿ ಇರಲಿಲ್ಲ. ಮೂರನೆಯ ದಿನ ನಿಮ್ಮಜ್ಜ ತೀರಿಕೊಂಡರು.

ಈಗ ನೀವು ಆ ನೋಟುಗಳಿಂದ ಅಂಗಡಿಯಾಟ ಆಡುತ್ತೀರಿ. ನನಗೊಂದು ಕೊಟ್ಟು ಬೆಲ್ಲ ಕೇಳುತ್ತೀರಿ. ನಾನು ತಿರುಗಿಸಿ ನೋಡದೆ ತೆಗೆದುಕೊಳ್ಳುತ್ತೇನೆ.