ವಿಕ್ರೋಳಿಯಲ್ಲಿ ತಣ್ಣಗಾದ ಬ್ಯಾಟರಿ

ಕಳೆದ ಮೇ ತಿಂಗಳ ಒಂದು ರಾತ್ರಿ, ಮುಂಬಯಿ ವಿಕ್ರೋಳಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಸುಧಾಕರ ಶೆಟ್ಟರ ಎಲೆಕ್ಟ್ರಿಕ್ ಕಾರು ಚಾರ್ಜ್ ಆಗಲಿಲ್ಲ. ಕಾರಣ ಚಳಿ. ಹಾಗೆಂದು ಕಾರಿನ ಪರದೆಯೇ ಹೇಳಿತು. ನಾನು ಪಕ್ಕದ ಸೀಟಿನಲ್ಲಿದ್ದೆ, ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಶೆಟ್ಟರದು ಸಣ್ಣ ಹೋಟೆಲು. ಅಲ್ಲಿ ಅಡುಗೆಗಿದ್ದ ಸಂಜೀವಣ್ಣ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಉಡುಪಿಯಿಂದ ಮಗ ಬಂದು ಮುಖ ನೋಡಲೆಂದು, ಚಾಳಿನ, ಅಂದರೆ ವಠಾರದ, ಕೋಣೆಯಲ್ಲಿ ಶವವನ್ನು ಐಸ್‌ಗಡ್ಡೆಗಳ ಮೇಲೆ ಮಲಗಿಸಿದ್ದರು. ಐಸ್ ತಂದದ್ದು ಇದೇ ಕಾರಿನ ಡಿಕ್ಕಿಯಲ್ಲಿ. ಈಗ ಮಗನನ್ನು ದಾದರಿನ ಬಸ್ ಸ್ಟಾಪಿನಿಂದ ಕರೆತರಬೇಕಿತ್ತು. ಅವನಿಗೆ ಊರು ಹೊಸದು, ಫೋನ್ ಸ್ವಿಚ್ ಆಫ್.

ಡ್ಯೂಟಿ ಮುಗಿಸಿ ಬಂದಿದ್ದ ನನಗೆ ಕಣ್ಣು ಎಳೆಯುತ್ತಿತ್ತು. ಶೆಟ್ಟರು ಮಲಗಿಯೇ ಇರಲಿಲ್ಲ.

"ಫಾಸ್ಟ್ ಚಾರ್ಜರ್ ಮಾರಾಯ್ರೆ, ಒಂದು ಚಾ ಕುಡಿಯುವಷ್ಟರಲ್ಲಿ ಆಗ್ತದೆ," ಎಂದರು.

ಚಾ ಮುಗಿಯಿತು. ಪರದೆಯಲ್ಲಿ ಚಾರ್ಜಿನ ಅಂಕಿ ಕದಲಲಿಲ್ಲ... ಬ್ಯಾಟರಿ ತೀರಾ ತಣ್ಣಗಿದೆ, ಚಾರ್ಜಿಂಗ್ ನಿಧಾನ ಎಂಬ ಸೂಚನೆ.

"ಬೊಂಬಾಯಲ್ಲಿ ಚಳಿಯಾ? ಇದಕ್ಕೂ ನಮ್ಮ ಹಾಗೆ ನಿದ್ದೆಯಿಲ್ಲದೆ ತಲೆ ಕೆಟ್ಟಿದೆ!" ಶೆಟ್ಟರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ನಾನು ಬಗ್ಗಿ ಕಾರಿನ ಅಡಿ ಮುಟ್ಟಿದೆ. ಕೈ ಕೊರೆಯುವಷ್ಟು ತಣ್ಣಗಿತ್ತು. ತೊಟ್... ತೊಟ್... ಡಿಕ್ಕಿಯಡಿಯಿಂದ ನೀರು ಬೀಳುತ್ತಿತ್ತು. ಶವದ ಬಳಿ ಹಚ್ಚಿಟ್ಟಿದ್ದ ಊದುಬತ್ತಿಯದೇ ವಾಸನೆ.

"ಟ್ಯಾಕ್ಸಿ ನೋಡಲಾ?" ಎನ್ನುವಷ್ಟರಲ್ಲಿ ಶೆಟ್ಟರ ಫೋನ್ ರಿಂಗಾಯಿತು. ಚಾಳಿನಿಂದ ಅವರ ಹೆಂಡತಿ ಶಾರದಕ್ಕ.

"ಇವ್ರೇ, ಐಸೆಲ್ಲ ಒಮ್ಮೆಗೇ ಕರಗಿತು. ಇನ್ನು ಕಾಯೂದು ಬೇಡ, ಹೆಣ ಎತ್ತುವ ಅಂತಿದ್ದಾರೆ ಇಲ್ಲಿ..." ದನಿ ತಗ್ಗಿತು. "ಮತ್ತೆ... ಮೈ ಬೆಚ್ಚಗುಂಟು."

"ಡಾಕ್ಟ್ರನ್ನು ಕರಿ. ಮಗ ಬರುವವರೆಗೆ ಎತ್ತೂದು ಬೇಡ."

ಫೋನ್ ಇಟ್ಟ ಶೆಟ್ಟರು ಖಾಲಿ ಹಿಂದಿನ ಸೀಟಿನತ್ತ ತಿರುಗಿದರು.

"ಸಂಜೀವಣ್ಣ, ನಿಮ್ಮ ಮಗನನ್ನು ಕರ್ಕೊಂಡು ಬರ್ಲಿಕ್ಕೇ ಹೋಗುದು ಮಾರಾಯ್ರೆ. ಕಾರನ್ನು ಬಿಡಿ ಒಮ್ಮೆ."

ಚಾರ್ಜರಿನ ಫ್ಯಾನ್ ಗುಂಯ್ ಎಂದಿತು. ಅಂಕಿ ಏರತೊಡಗಿತು...

ಮಗನೊಂದಿಗೆ ಚಾಳು ತಲುಪಿದಾಗ ಡಾಕ್ಟರು ಹೊರಡುತ್ತಿದ್ದರು. ಮತ್ತೆ ಪರೀಕ್ಷಿಸಿದ್ದರು, ಜೀವವಿರಲಿಲ್ಲ. ಮಗ ಅಪ್ಪನ ಕೈ ಹಿಡಿದು ಕೂತ.

"ಬೆಚ್ಚಗಿದೆಯಲ್ಲ..." ಎಂದ.

ನಾನೂ ಮುಟ್ಟಿದೆ. ಬೆಚ್ಚಗಿತ್ತು. ಅವನು ಕೈ ಬಿಟ್ಟು ಎದ್ದ ಮೇಲೆ ಇನ್ನೊಮ್ಮೆ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು.

ಆಮೇಲೆ ಶೆಟ್ಟರು ಕಾರನ್ನು ತಪಾಸಣೆಗೆ ಕೊಟ್ಟರು. ಬ್ಯಾಟರಿಯಲ್ಲಿ ದೋಷವಿಲ್ಲ ಎಂಬ ಉತ್ತರ ಬಂತು. ಕಳೆದ ವಾರ ಶೆಟ್ಟರು ಡಿಕ್ಕಿ ತೆರೆದು ತೋರಿಸಿದರು. ಒಳಗಿನ ಹಾಸು ಇನ್ನೂ ಒದ್ದೆಯಿದೆ.