ಹರಾಜುಗಾರರ ಕೊಡೆ

ಹರಾಜುಗಾರರಿಗೆ ಮರ, ಗುಡ್ಡ, ಸುಂದರಿಯರ ಚಿತ್ರ ಮಾರುವುದೆಂದರೆ ತಾತ್ಸಾರ. ಅವರ ನಾಲಿಗೆ ಪಳಗಿರುವುದು ಬಿಳಿ ಕ್ಯಾನ್ವಾಸಿನ ಮೇಲೆ ಒಂದೇ ಒಂದು ಮಾತು ಬರೆದಿರುವ ಕಲಾಕೃತಿಗಳಲ್ಲಿ. "ಬರೀ ಅಕ್ಷರ ಅಂತ ಮೂಗು ಮುರೀಬೇಡಿ ಸ್ವಾಮಿ, ಕಿವೀಲಿ ನೋಡಿ," ಎಂದು ಶುರುಮಾಡಿ, "ಆಮೇಲೆ ಹೇಳ್ತೀನಿ" ಎಂಬ ಕೃತಿಯನ್ನು ಒಮ್ಮೆ ಪ್ರೇಯಸಿಯಂತೆ, ಒಮ್ಮೆ ಡಾಕ್ಟರಂತೆ, ಒಮ್ಮೆ ಹೆಣ್ಣು ಕೊಡುವ ಮಾವನಂತೆ ಓದುತ್ತಾರೆ. ಶ್ರೀಮಂತರು ಬೆವರಿ ಕೈ ಎತ್ತುತ್ತಾರೆ. ಈ ಚಟ ಬೀದಿಗೂ ಬಂದಿದೆ. ಬ್ಯಾಂಕಿನ ಗಾಜಿನ ಬಾಗಿಲ ಮೇಲೆ "ತಳ್ಳಿ" ಎಂದಿದ್ದರೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, "ಆಹಾ, ಎಂಥಾ ಧೈರ್ಯ!" ಎಂದು ತಲೆದೂಗುತ್ತಾರೆ. "ಅಪ್ಪಾ, ಹಿಂದೆ ಜನ ನಿಂತಿದಾರೆ, ಮೊದ್ಲು ತಳ್ಳು," ಎಂದು ಮಗಳು ತಿವಿಯಬೇಕು. ರಣಬಿಸಿಲಲ್ಲೂ ಕಂಕುಳಲ್ಲಿ ಒಂದು ಕಪ್ಪು ಕೊಡೆ. ಅದನ್ನು ಮೇಜಿನ ಅಂಚಿಗೆ ನೇತುಹಾಕದೆ ಹರಾಜಿನ ಸುತ್ತಿಗೆ ಮುಟ್ಟುವವರಲ್ಲ. "ಒಳಗೂ ಮಳೆ ಬರುತ್ತಾ ಸಾರ್?" ಎಂದು ಗುಮಾಸ್ತ ಕಿಚಾಯಿಸಿದರೆ, ಕೇಳಿಸದವರಂತೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಮೊನ್ನೆ ಹರಾಜಿಗೆ ಬಂದ ಕೃತಿಯಲ್ಲಿದ್ದ ಮಾತು "ಕೊಡೆ ತಗೊಂಡ್ರಾ?" ಅದನ್ನು ಪೊಲೀಸಿನವನಂತೆ ಗದರಿ, ಅಂಗಡಿಯವನಂತೆ ಹಲ್ಲುಗಿಂಜಿ ಓದಿ ಸಭೆಯನ್ನೆಲ್ಲ ನಗಿಸಿದರು. ಇಬ್ಬರು ಹಟಕ್ಕೆ ಬಿದ್ದು ಬೆಲೆ ಏರಿಸಿದರು. "ಒಂದು ಸಲ, ಎರಡು ಸಲ" ಎಂದು ಸುತ್ತಿಗೆ ಎತ್ತಿದವರು, ರೂಢಿಯಂತೆ ಕೊನೆಯದಾಗಿ ಇನ್ನೊಮ್ಮೆ ಓದಿದರು. ಯಾಕೋ ಆ ಸಲ ದನಿ ಮೆತ್ತಗಾಗಿ, ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದ, ಈಗಿಲ್ಲದ ಹೆಂಡತಿಯ ದನಿಯಾಯಿತು. ಸುತ್ತಿಗೆ ಗಾಳಿಯಲ್ಲೇ ನಿಂತಿತು. ತುಂಬಿದ ಸಭೆಯ ಎದುರಿಗೇ ಹರಾಜುಗಾರರು ಎಡಗೈಯಿಂದ ಮೇಜಿನ ಅಂಚನ್ನು ತಡವಿ, "ತಗೊಂಡಿದೀನಿ ಕಣೇ," ಎಂದರು.