ಒಂದೇ ಕೆಲಸಕ್ಕೆ ಇಬ್ಬರು

2018ರ ಬೇಸಿಗೆಯಲ್ಲಿ ನಮ್ಮ ಕಂಪನಿ ನಾವಿದ್ದ ವಿಭಾಗವನ್ನೇ ಮುಚ್ಚಿತು. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿದ್ದ ಸಣ್ಣ ಟೆಲಿಕಾಂ ಕಂಪನಿ ಅದು. ನನ್ನದು ಟೆಸ್ಟಿಂಗ್ ಕೆಲಸ. ನಾವು ಆ ದೇಶದಲ್ಲಿದ್ದದ್ದು ಕಂಪನಿ ಕೊಡಿಸಿದ ವೀಸಾದ ಮೇಲೆ. ಕೆಲಸ ಹೋದ ಮೇಲೆ ಅರವತ್ತು ದಿನದೊಳಗೆ ಇನ್ನೊಂದು ಕಂಪನಿ ನಮ್ಮನ್ನು ಸೇರಿಸಿಕೊಂಡು ಸರ್ಕಾರಕ್ಕೆ ಹೊಸ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ವಿಭಾಗದಲ್ಲಿ ಕನ್ನಡದವರು ಇಬ್ಬರೇ. ನಾನು ಬೆಂಗಳೂರಿನವಳು, ಒಬ್ಬಂಟಿ. ಇನ್ನೊಬ್ಬರು ಧಾರವಾಡದವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಪರಿಚಯವಾದ ದಿನವೇ ನನ್ನನ್ನು ‘ತಂಗಿ’ ಅಂದುಬಿಟ್ಟಿದ್ದರು. ನನ್ನ ಬಾಯಿಂದ ಮಾತ್ರ ‘ಸರ್’ ಹೋಗಲೇ ಇಲ್ಲ. ವರ್ಷಗಟ್ಟಲೆ ಒಂದೇ ಟೇಬಲ್ಲಿನಲ್ಲಿ ಊಟ ಮಾಡಿದ್ದೆವು. ಅವರಿಗೆ ಹೆಂಡತಿ, ಅಲ್ಲೇ ಹುಟ್ಟಿದ ಎರಡನೇ ಕ್ಲಾಸಿನ ಮಗಳು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಯಾವುದೋ ಕಾಲವಾಗಿತ್ತು, ಸಾಲು ಅಲ್ಲಾಡಿರಲಿಲ್ಲ.

ಕೆಲಸ ಹೋದ ಹೊಸದರಲ್ಲಿ ಅಲ್ಲಿನ ಕನ್ನಡದವರ ಮನೆಗಳಿಗೆ ಹೋಗುತ್ತಿದ್ದೆ. ಬಾಗಿಲಲ್ಲೇ ‘ಕೆಲಸ ಏನಾದ್ರೂ ಆಯ್ತಾ?’ ಅನ್ನುತ್ತಿದ್ದರು. ಪಾಪ, ಕಾಳಜಿಯಿಂದಲೇ. ಆದರೆ ‘ಇಲ್ಲ’ ಅಂದ ಮೇಲೆ ಏನು ಮಾತಾಡಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ. ಹೋಗುವುದನ್ನೇ ಬಿಟ್ಟೆ. ಅಂಗಡಿಯಲ್ಲಿ ಅಕ್ಕಿ ದೊಡ್ಡ ಚೀಲ ತೊಗೊಳ್ಳಲೋ ಸಣ್ಣದೋ ಅಂತ ನಿಂತು, ಏನೂ ಕೊಳ್ಳದೆ ಬಂದದ್ದುಂಟು. ಅಪ್ಲೈ ಮಾಡಿದ ಕಡೆಯೆಲ್ಲ ವೀಸಾ ಅಂದ ಕೂಡಲೇ ದನಿ ಬದಲಾಗುತ್ತಿತ್ತು.

ಅಂಥದ್ದರಲ್ಲಿ ಲಾಸ್ ಏಂಜಲೀಸಿನ ಕಲ್ವರ್ ಸಿಟಿಯಿಂದ ಒಂದು ಇಂಟರ್‌ವ್ಯೂ ಬಂತು. ವೀಸಾದ ಅರ್ಜಿ ಹಾಕಲು ಅವರು ತಯಾರಿದ್ದರು. ಖುಷಿಯಿಂದ ಸರ್‌ಗೆ ಫೋನ್ ಮಾಡಿದೆ. ಯಾವ ಕಂಪನಿ, ಯಾವ ದಿನ ಅಂತ ಕೇಳಿದರು.

“ನನಗೂ ಬಂದದ ತಂಗಿ. ಅದೇ ದಿನ. ಅದೇ ಕೆಲಸ,” ಅಂದರು. ಆಮೇಲೆ, “ಎರಡು ಕಾರು ಯಾಕ? ನಾನ ಡ್ರೈವ್ ಮಾಡ್ತೀನಿ, ನೀ ಬಾ.”

ಬೇಡ ಅನ್ನಲು ಬಾಯಿ ಬರಲಿಲ್ಲ. ಇಂಟರ್‌ವ್ಯೂ ದಿನ ಬೆಳಿಗ್ಗೆ ಹೊರಟೆವು. ಎಡಕ್ಕೆ ಸಮುದ್ರ, ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಸುಮ್ಮನಿದ್ದು ರೂಢಿಯೇ ಇಲ್ಲದ ಮನುಷ್ಯ ಅಂದು ಟ್ರಾಫಿಕ್ ಬಗ್ಗೆ ಬಿಟ್ಟರೆ ಬೇರೇನೂ ಆಡಲಿಲ್ಲ. ಒಮ್ಮೆ ಮಾತ್ರ, “ಯಾರಿಗ್ ಸಿಕ್ರೂ ಒಂದ,” ಅಂದರು. “ಹೌದು ಸರ್,” ಅಂದೆ. ಹಾಗಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮೊದಲು ನನ್ನ ಸರದಿ. ಮಧ್ಯದಲ್ಲೇ ಕಟ್ ಆಗುವ ಕಾಲ್ ಎಲ್ಲಿ ಕಟ್ಟಾಗುತ್ತಿದೆ ಎಂದು ಪತ್ತೆ ಹಚ್ಚುವ ಸಮಸ್ಯೆಯೊಂದನ್ನು ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದರು. ತಡವರಿಸಿ, ಅಳಿಸಿ ಬರೆದು, ಕೊನೆಗೆ ಬಿಡಿಸಿದೆ. ಹೊರಗೆ ಬಂದಾಗ ಸರ್ ಒಳಗೆ ಹೋಗಲು ಎದ್ದು ಕೋಟು ಸರಿಮಾಡಿಕೊಳ್ಳುತ್ತಿದ್ದರು. ಅಲ್ಲಿ ಕನ್ನಡ ಯಾರಿಗೂ ಬರುವಂತಿರಲಿಲ್ಲ.

“ಸರ್, ಅವರು ಕೇಳೋದು ಒಂದೇ. ಕಾಲ್ ಕಟ್ ಆದಾಗ—”

ಅವರು ಕೈ ಎತ್ತಿದರು. “ಹೇಳಬ್ಯಾಡ ತಂಗಿ.”

“ಯಾಕೆ ಸರ್? ನಾನೇ ಹೇಳ್ತಿದ್ದೀನಲ್ಲ.”

“ಗೊತ್ತದ. ನೀ ಹೇಳಿದ್ದು ಕೇಳಿ ನನಗ ಸಿಕ್ಕರ, ನಾಳೆ ನಿನ್ನ ಮಾರಿ ಹ್ಯಾಂಗ ನೋಡ್ಲಿ?” ಅಂದವರೇ ನಕ್ಕು ಒಳಗೆ ಹೋದರು.

ಇಂಟರ್‌ವ್ಯೂ ಮುಗಿದ ಮೇಲೆ ಕಾರಿನಲ್ಲೇ ಕೂತು ಊಟ ಮಾಡಿದೆವು. ಅವರ ಹೆಂಡತಿ ಇಬ್ಬರಿಗೂ ಸೇರಿಸಿ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದರು.

ಕೆಲಸ ನನಗೆ ಸಿಕ್ಕಿತು. ಆ ಸುದ್ದಿಯನ್ನು ಅವರಿಗೆ ಹೇಳಲು ಮನೆಗೇ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಒಳಗೆ ಹೋಗಿ ಬಟ್ಟಲಲ್ಲಿ ಸಕ್ಕರೆ ತಂದು, “ಬಾಯಿ ತಗೀರಿ,” ಅಂದರು. ಸರ್, “ಛಲೋ ಆತು, ಛಲೋ ಆತು,” ಅಂತ ಎರಡು ಮೂರು ಸಲ ಅಂದರು.

ಅರವತ್ತು ದಿನ ಮುಗಿಯುತ್ತ ಬಂದರೂ ಸರ್‌ಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಅಷ್ಟರಲ್ಲಿ ನಾನು ಕಲ್ವರ್ ಸಿಟಿಗೆ ಬಂದಿದ್ದೆ. ಲಾಸ್ ಏಂಜಲೀಸ್ ಏರ್‌ಪೋರ್ಟು ಹತ್ತಿರವೇ. ಅವರು ಊರಿಗೆ ಹೊರಡುವ ಹಿಂದಿನ ದಿನ ಮೂವರೂ ನನ್ನ ಮನೆಯಲ್ಲಿ ಉಳಿದರು. ಇನ್ನೂ ಸಾಮಾನಿಲ್ಲದ ಮನೆ. ನೆಲದ ಮೇಲೆ ಸಾಲಾಗಿ ಕೂತು ಅನ್ನ ಸಾರು ಉಂಡೆವು. ಮಾರನೇ ದಿನ ನಾನೇ ಡ್ರೈವ್ ಮಾಡಿಕೊಂಡು ಹೋಗಿ ಬಿಟ್ಟೆ. ಸಾಮಾನು ಇಳಿಸುವಾಗ ಮಗಳು ನನ್ನ ಕೈ ಹಿಡಿದು, “ಆರ್ ಯು ಕಮಿಂಗ್ ಟೂ?” ಅಂದಳು.

“ಇಲ್ಲ ಪುಟ್ಟಿ, ನಾನು ಇಲ್ಲೇ ಇರ್ತೀನಿ,” ಅಂದೆ.

“ಬಟ್ ಯು ಡೋಂಟ್ ಹ್ಯಾವ್ ಎನಿಬಡಿ ಹಿಯರ್,” ಅಂದಳು. ಅವಳಮ್ಮ ಮಗಳನ್ನು ಗದರಿ ಹತ್ತಿರಕ್ಕೆ ಎಳೆದುಕೊಂಡರು. ಸರ್ ನನ್ನ ತಲೆಯ ಮೇಲೆ ಕೈಯಿಟ್ಟು, ಟ್ರಾಲಿ ತಳ್ಳಿಕೊಂಡು ನಡೆದರು.

ಆ ವರ್ಷ, ಅದರ ಮುಂದಿನ ವರ್ಷ, ನಾನು ಆ ಕಂಪನಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕರೆಯುತ್ತಿದ್ದರು, ಒಳ್ಳೆಯ ಜನ. ನಾನು ಏನಾದರೊಂದು ನೆಪ ಹೇಳಿ ಪಾರ್ಕಿಂಗಿಗೆ ಇಳಿದು, ಕಾರಿನಲ್ಲಿ ಕೂತು ಡಬ್ಬಿ ತೆಗೆಯುತ್ತಿದ್ದೆ. ಆಗ ಧಾರವಾಡದಲ್ಲಿ ನಟ್ಟಿರುಳು; ಫೋನ್ ಮಾಡುವ ಹೊತ್ತಲ್ಲ.